ಕುಂದಾದ್ರಿಯ ಮಂಜು ಸ್ಕ್ಯಾನ್‌ನಲ್ಲಿ ಸಿಮೆಂಟ್ ಗೋಡೆ ಆಗಿದೆ, ತಪ್ಪು ಎಲ್ಲಿ?

ಮಂಜುಮಾಣಿ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ನಾನು ಫಿಲಂಗೆ ಹೊಸಬ. ಅಟ್ಟ ಗುಡಿಸುವಾಗ ಚಿಕ್ಕಪ್ಪನ ಹಳೇ ಯಾಶಿಕಾ ಸಿಕ್ಕಿತು. ಮೇಲೊಂದು ಕೆಳಗೊಂದು ಲೆನ್ಸ್, ಬಗ್ಗಿ ನೋಡುವ ಡಬ್ಬ ಕ್ಯಾಮೆರಾ. ಶಟರ್ ಸರಿ ಇದೆ ಅಂತ ಗೊತ್ತಾದ ಮೇಲೆ 120 ಸೈಜಿನ ಇಲ್ಫೋರ್ಡ್ ಎಚ್‌ಪಿ5 ಕಪ್ಪು ಬಿಳುಪು ಫಿಲಂ ಎರಡು ರೀಲು ತರಿಸಿದೆ.

ಹೋದ ತಿಂಗಳು ಬೆಳಗ್ಗೆ ಐದಕ್ಕೇ ಎದ್ದು ಗುಡ್ಡೇಕೇರಿ ಮೇಲೆ ಕುಂದಾದ್ರಿಗೆ ಹೋದೆ. ಬಸದಿ ಹತ್ತಿರದ ಬಂಡೆ ಮೇಲೆ ನಿಂತರೆ ಕೆಳಗಿನ ಕಣಿವೆಯೆಲ್ಲ ಹಾಲು ಉಕ್ಕಿದ ಹಾಗೆ. ಒಂದು ರೀಲು, ಹನ್ನೆರಡು ಫ್ರೇಮು, ಅಲ್ಲೇ ಮುಗಿಸಿದೆ. ಫೋನಿನ ಮೀಟರ್ ಆ್ಯಪ್‌ನಲ್ಲಿ ಮಂಜಿನ ಕಡೆ ಹಿಡಿದಾಗ ಎಫ್ 11, ಸೆಕೆಂಡಿನ 125ನೇ ಒಂದು ಭಾಗ ಅಂತ ಬಂತು. ಆಕಾಶ ಕಪ್ಪಗೆ ಬರಲಿ ಅಂತ ಕೆಂಪು ಫಿಲ್ಟರ್ ಹಾಕಿದ್ದೆ. ಅದಕ್ಕೆ ಮೂರು ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಬೆಳಕು ಎರಡರಷ್ಟು) ಜಾಸ್ತಿ ಕೊಡಬೇಕು ಅಂತ ಓದಿದ್ದರಿಂದ ಎಫ್ 5.6, 60ಕ್ಕೆ ಇಟ್ಟೆ.

ಬೆಂಗಳೂರಿನ ಒಂದು ಲ್ಯಾಬಿಗೆ ಕಳಿಸಿ, ತೊಳೆಸಿ, ಸ್ಕ್ಯಾನ್ ಮಾಡಿಸಿದೆ. ಬಂದ ಫೈಲು ನೋಡಿ ಬೇಜಾರಾಯಿತು. ಮಂಜು ಮಂಜಿನ ಹಾಗಿಲ್ಲ, ಗಾರೆ ಮಾಡಿದ ಗೋಡೆ ಹಾಗಿದೆ. ತುಂಬಾ ಕಾಳು ಕಾಳು. ಆಕಾಶವೂ ಕಪ್ಪಾಗಿಲ್ಲ. ಲೆನ್ಸ್ ಹಳೆಯದಾಗಿದೆಯಾ, ಫಿಲಂ ಸರಿ ಇಲ್ವಾ, ಅಥವಾ ನನ್ನದೇ ತಪ್ಪಾ? ಎರಡನೇ ರೀಲು ಹಾಕಲು ಧೈರ್ಯ ಸಾಲುತ್ತಿಲ್ಲ.

ಮೆಗಾಪಿಕ್ಸೆಲ್

ಹನ್ನೆರಡು ಫೋಟೋಗೆ ರೀಲು, ತೊಳೆಸುವುದು, ಸ್ಕ್ಯಾನು, ಕೊರಿಯರ್. ಲೆಕ್ಕ ಹಾಕಿದ್ದೀರಾ? ಫೋನಿನಲ್ಲಿ ತೆಗೆದು ಬಣ್ಣ ತೆಗೆದರೆ ಎರಡು ನಿಮಿಷದ ಕೆಲಸ.

ಹೈಪೋ ಅಜ್ಜ (ಶಿವಮೊಗ್ಗ)

ಲೆಕ್ಕ ಅವನು ಹಾಕಿಕೊಳ್ಳುತ್ತಾನೆ ಬಿಡಿ.

ತಮ್ಮಾ, ಸ್ಕ್ಯಾನ್ ನೋಡಿ ಫಿಲಂ ಬಗ್ಗೆ ತೀರ್ಮಾನ ಮಾಡಬೇಡ. ಅದು ಅನುವಾದ ಇದ್ದ ಹಾಗೆ, ಮೂಲ ನಿನ್ನ ಹತ್ತಿರವೇ ಇದೆ. ಲ್ಯಾಬಿನವರು ನೆಗೆಟಿವ್ ವಾಪಸ್ ಕಳಿಸಿದ್ದಾರಾ? ಕಳಿಸಿದ್ದರೆ ಕಿಟಕಿ ಹತ್ತಿರ ಹಿಡಿದು ಮೂರು ವಿಷಯ ಹೇಳು. ಅಂಚಿನಲ್ಲಿ ಫಿಲಂ ಹೆಸರು, ನಂಬರು ಇರುತ್ತದೆ, ಅದು ಕಪ್ಪಗೆ ನಿಚ್ಚಳವಾಗಿದೆಯಾ ಅಥವಾ ಮಾಸಲಾಗಿದೆಯಾ? ನೆಗೆಟಿವ್‌ನಲ್ಲಿ ಬೆಳಕು ಬಿದ್ದಷ್ಟೂ ಕಪ್ಪು, ಮಂಜಿದ್ದ ಜಾಗ ಎಷ್ಟು ಕಪ್ಪಾಗಿದೆ? ಹತ್ತಿರದ ಗಿಡಮರದ ನೆರಳು ಪೂರಾ ಖಾಲಿ ಗಾಜಿನ ಹಾಗಿದೆಯಾ, ಏನಾದರೂ ಕಾಣುತ್ತದಾ?

ಅಂಚಿನ ಅಕ್ಷರ ಕಾರ್ಖಾನೆಯಲ್ಲೇ ಬೆಳಕು ಕೊಟ್ಟು ಬರೆದಿದ್ದು. ನೀನು ಕ್ಯಾಮೆರಾದಲ್ಲಿ ಏನು ಮಾಡಿದರೂ ಅದು ಬದಲಾಗುವುದಿಲ್ಲ. ಅದು ಸರಿಯಾಗಿದ್ದರೆ ತೊಳೆದದ್ದು ಸರಿ, ತಪ್ಪಿದ್ದರೆ ಎಕ್ಸ್‌ಪೋಷರ್‌ನಲ್ಲಿ. ಮಾಸಲಾಗಿದ್ದರೆ ಫಿಲಂ ತೊಳೆಯುವ ದ್ರಾವಣದ, ಅಂದರೆ ಡೆವಲಪರ್ ಕಡೆ ಕೈ ತೋರಿಸಬಹುದು. ಸ್ಟುಡಿಯೋದಲ್ಲಿ ಗಿರಾಕಿ ಜಗಳಕ್ಕೆ ಬಂದಾಗ ನಾವು ಮೊದಲು ನೋಡುತ್ತಿದ್ದದ್ದೇ ಅಂಚು.

ಮಂಜುಮಾಣಿ

ನೋಡಿದೆ ಅಜ್ಜ. ಅಂಚಿನ ಅಕ್ಷರ ಕಪ್ಪಗೆ ಚೆನ್ನಾಗಿದೆ. ಮಂಜಿನ ಜಾಗ ಎಷ್ಟು ಕಪ್ಪು ಅಂದ್ರೆ ಕಿಟಕಿ ಬೆಳಕೇ ಕಷ್ಟಪಟ್ಟು ದಾಟುತ್ತದೆ. ಆದರೆ ಹತ್ತಿರದ ಮರದಲ್ಲಿ ಎಲ್ಲ ಕಾಣುತ್ತಿದೆ. ತೊಗಟೆ, ಪಾಚಿ, ಬುಡದ ಜರಿಗಿಡ ಕೂಡ.

ಹೈಪೋ ಅಜ್ಜ

ಹಾಗಾದರೆ ತೊಳೆದವರದ್ದು ತಪ್ಪಿಲ್ಲ. ಬೆಳಕು ಜಾಸ್ತಿ ಬಿದ್ದಿದೆ.

ಇನ್ನೊಂದು ಪ್ರಶ್ನೆ. ನೀನು ಹಾಕಿದ ಸ್ಕ್ಯಾನ್‌ನಲ್ಲಿ ಜರಿಗಿಡ ತಿಳಿ ಬೂದು ಬಣ್ಣ ಇದೆ. ಕೆಂಪು ಫಿಲ್ಟರ್ ಹಾಕಿದರೆ ಹಸಿರು ಎಲೆ ಟಾರಿನ ಹಾಗೆ ಕಪ್ಪಗೆ ಬರಬೇಕಿತ್ತು. ಮೇಲಿನ ನೀಲಿ ಆಕಾಶವೂ ಕಪ್ಪಾಗಿಲ್ಲ ಅಂತ ನೀನೇ ಹೇಳುತ್ತೀಯ. ಫಿಲ್ಟರ್ ಯಾವ ಲೆನ್ಸಿಗೆ ಹಾಕಿದ್ದೆ?

ಮಂಜುಮಾಣಿ

ಮೇಲಿನದಕ್ಕೆ. ನೋಡುವಾಗ ಎಲ್ಲ ಕೆಂಪಗೆ ಕಂಡಿತು, ಸರಿಯಾಗಿದೆ ಅಂದುಕೊಂಡೆ.

ಅಯ್ಯೋ.

ಕಾಫಿಕಪ್ಪು (ಕೊಪ್ಪ)

ಎಂಥ ಮಾರಾಯ! ಮೇಲಿನದು ನೀನು ನೋಡುವ ಲೆನ್ಸ್, ಕೆಳಗಿನದು ಫಿಲಂ ನೋಡುವ ಲೆನ್ಸ್. ಬೇಜಾರು ಮಾಡ್ಕೋಬೇಡ. ನಾನು ಒಂದು ಇಡೀ ದಿನ ಮುಳ್ಳಯ್ಯನಗಿರಿಯಲ್ಲಿ ರೀಲು ಸಿಕ್ಕಿಸದೇ ತೆಗೆದಿದ್ದೇನೆ. ಹ್ಯಾಂಡಲ್ ತಿರುಗುತ್ತಿತ್ತು, ಸದ್ದು ಬರುತ್ತಿತ್ತು, ಇನ್ನೇನು ಬೇಕು ಹೇಳು.

ಹೈಪೋ ಅಜ್ಜ

ನಗಬೇಡಿ, ಅವನ ತಪ್ಪೇ ಅವನನ್ನು ಕಾಪಾಡಿದೆ. ಹೇಗೆ ಅಂತ ಹೇಳುತ್ತೇನೆ.

ಮೀಟರಿಗೆ ಏನು ತೋರಿಸಿದರೂ ಅದನ್ನು ನಡು ಬೂದು ಮಾಡಲು ನೋಡುತ್ತದೆ. ಬಿಳಿ ಮಂಜು ತೋರಿಸಿದರೆ ಬಿಳಿ ಮಂಜನ್ನೂ ಬೂದು ಮಾಡುವ ಲೆಕ್ಕವನ್ನೇ ಕೊಡುತ್ತದೆ. ಮಂಜು ಬೆಳ್ಳಗೆ ಬರಬೇಕಾದರೆ ಮೀಟರ್ ಹೇಳಿದ್ದಕ್ಕಿಂತ ಒಂದರಿಂದ ಎರಡು ಸ್ಟಾಪ್ ಜಾಸ್ತಿ ಕೊಡಬೇಕು. ಅಮೆರಿಕದ ಫೋಟೋಗ್ರಾಫರ್‌ಗಳು ಆ್ಯನ್ಸೆಲ್ ಆ್ಯಡಮ್ಸ್ ಮತ್ತು ಫ್ರೆಡ್ ಆರ್ಚರ್ ಸೇರಿ 1940ರ ಹೊತ್ತಿಗೆ ಮಾಡಿದ, ಕಪ್ಪಿನಿಂದ ಬಿಳಿವರೆಗೆ ಒಂದೊಂದು ಸ್ಟಾಪಿಗೆ ಒಂದೊಂದು ನಂಬರು ಕೊಡುವ ಝೋನ್ ಪದ್ಧತಿಯ ಮಾತಿನಲ್ಲಿ ಹೇಳಿದರೆ, ಐದರಲ್ಲಿ, ಅಂದರೆ ನಡು ಬೂದಿನಲ್ಲಿ, ಕೂತಿದ್ದನ್ನು ಎತ್ತಿ ಆರೂವರೆಗೆ ಕೂರಿಸಬೇಕು.

ನೀನು ಕೊಟ್ಟಿದ್ದು ಮೂರು. ಫಿಲ್ಟರ್ ಕೆಳಗಿನ ಲೆನ್ಸಿಗೆ ಹೋಗಿದ್ದರೆ ಆ ಮೂರನ್ನು ಅದೇ ನುಂಗುತ್ತಿತ್ತು, ಮಂಜು ಬೂದಿ ಆಗುತ್ತಿತ್ತು, ಮರದ ನೆರಳಲ್ಲಿ ಏನೂ ಉಳಿಯುತ್ತಿರಲಿಲ್ಲ. ಮೇಲಿನ ಲೆನ್ಸಿಗೆ ಹೋದ್ದರಿಂದ ಮೂರೂ ಫಿಲಂಗೆ ಬಿತ್ತು. ಮಂಜಿಗೆ ಬೇಕಾದದ್ದು ಒಂದೂವರೆ, ಉಳಿದ ಒಂದೂವರೆ ಮೇಲ್ಖರ್ಚು. ಎಚ್‌ಪಿ5 ಅಷ್ಟನ್ನು ಸಲೀಸಾಗಿ ತಾಳುತ್ತದೆ. ನೆಗೆಟಿವ್ ದಪ್ಪಗಿದೆ, ಕಾಳು ಸ್ವಲ್ಪ ಜಾಸ್ತಿ ಇರುತ್ತದೆ, ಆದರೆ ಅದರೊಳಗೆ ಎಲ್ಲವೂ ಇದೆ. ನಿನ್ನ ಸ್ಕ್ಯಾನ್ ಅದನ್ನು ಹೊರಗೆ ತೆಗೆದಿಲ್ಲ, ಅಷ್ಟೇ.

ಮಂಜಿಗೆ ಕೆಂಪು ಫಿಲ್ಟರ್ ಹಾಕಿಯೂ ಪ್ರಯೋಜನ ಇಲ್ಲ. ತುಂಬಾ ಜನ ಇಲ್ಲಿ ಎಡವುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಕೊಡಚಾದ್ರಿ ಮೇಲಿನಿಂದ ನೋಡಿದರೆ ದೂರದ ಗುಡ್ಡದ ಸಾಲೆಲ್ಲ ನೀಲಿ ನೀಲಿ ಮಬ್ಬು ಇರುತ್ತದಲ್ಲ, ಅದನ್ನು ಕೆಂಪು, ಕಿತ್ತಳೆ ಫಿಲ್ಟರ್ ಕಡಿಯುತ್ತವೆ. ಆ ಮಬ್ಬು ತೀರಾ ಸಣ್ಣ ಕಣಗಳದ್ದು, ಅವು ನೀಲಿ ಬೆಳಕನ್ನೇ ಜಾಸ್ತಿ ಚದುರಿಸುತ್ತವೆ. ಮಂಜು ಹಾಗಲ್ಲ, ಅದು ನೀರಿನ ಹನಿ. ಹನಿ ದೊಡ್ಡದು. ಎಲ್ಲ ಬಣ್ಣವನ್ನೂ ಒಂದೇ ಸಮ ಚದುರಿಸುತ್ತದೆ, ಅದಕ್ಕೇ ಬೆಳ್ಳಗೆ ಕಾಣುವುದು. ಯಾವ ಫಿಲ್ಟರ್ ಹಾಕಿದರೂ ಅದರ ಆಚೆ ಕಾಣುವುದಿಲ್ಲ.

ಮಲೆನಾಡಿನ ಹಸಿರಿಗೆ ನಾನು ಹಳದಿಯನ್ನೇ ಹಾಕುತ್ತಿದ್ದೆ, ಒಂದು ಸ್ಟಾಪ್ ಸಾಕು. ಒಂದೊಂದು ಸಲ ಹಳದಿ ಹಸಿರು. ಎಲೆಗಳು ಒಂದರಿಂದ ಒಂದು ಬೇರೆಯಾಗಿ ಬರುತ್ತವೆ. ಇಲ್ಲದಿದ್ದರೆ ಇಡೀ ಕಾಡು ಒಂದು ಕಪ್ಪು ಕಂಬಳಿ. ಆಗ ನಮಗೆ ಸಿಗುತ್ತಿದ್ದದ್ದು ಊಟಿಯಲ್ಲಿ ತಯಾರಾಗುತ್ತಿದ್ದ ‘ಇಂದು’ ಹೆಸರಿನ ಫಿಲಂ. ಈಗ ನಿಮಗೆ ಸಿಗುವ ಮಾಲು ನಮಗೆ ಸಿಕ್ಕಿದ್ದರೆ ಅಂತ ಹೊಟ್ಟೆಕಿಚ್ಚು ಆಗುತ್ತದೆ.

ಹಿನ್ನೀರು (ಸಾಗರ)

ಅಜ್ಜ ಹೇಳಿದ್ದಕ್ಕೆ ಸ್ಕ್ಯಾನ್ ಕಡೆಯಿಂದ ನಾನು ಸೇರಿಸುತ್ತೇನೆ. ನಾನು ಸ್ಕ್ಯಾನ್ ಮಾಡುವುದು ಎಪ್ಸನ್ ವಿ600 ಫ್ಲಾಟ್‌ಬೆಡ್ ಸ್ಕ್ಯಾನರ್‌ನಲ್ಲಿ.

ಆಟೋ ಸೆಟ್ಟಿಂಗ್‌ನಲ್ಲಿ ಬಿಟ್ಟರೆ ಸ್ಕ್ಯಾನರ್ ಏನು ಮಾಡುತ್ತದೆ ಗೊತ್ತಾ? ಫೋಟೋದಲ್ಲಿ ಅತಿ ಕಪ್ಪು ಇರುವುದನ್ನು ಪೂರ್ತಿ ಕಪ್ಪು, ಅತಿ ಬಿಳಿ ಇರುವುದನ್ನು ಪೂರ್ತಿ ಬಿಳಿ ಅಂತ ಎಳೆದುಬಿಡುತ್ತದೆ. ಮಂಜಿನ ಫೋಟೋದಲ್ಲಿ ಇರುವುದೇ ಎರಡು ಮೂರು ಸ್ಟಾಪ್ ವ್ಯತ್ಯಾಸ. ಅದನ್ನು ಈ ತುದಿಯಿಂದ ಆ ತುದಿಗೆ ಎಳೆದರೆ ಮಂಜು ಹರಿದುಹೋಗುತ್ತದೆ, ಕಾಳು ಎದ್ದು ಕಾಣುತ್ತದೆ. ಮೇಲಿಂದ ಅದನ್ನು ಬೂದಿನ ಛಾಯೆಗಳು ಕಡಿಮೆ ಇರುವ 8 ಬಿಟ್ ಜೆಪೆಗ್ ಮಾಡಿ ಕೊಟ್ಟರೆ ಆಮೇಲೆ ಸರಿ ಮಾಡಲು ಏನೂ ಉಳಿಯುವುದಿಲ್ಲ. ಲ್ಯಾಬಿನವರು ದಿನಕ್ಕೆ ಎಷ್ಟೋ ರೀಲು ನೋಡುತ್ತಾರೆ, ಒಂದೊಂದು ಫ್ರೇಮಿಗೆ ಕೂತು ತಲೆ ಕೆಡಿಸಿಕೊಳ್ಳಲು ಅವರಿಗೆಲ್ಲಿ ಪುರುಸೊತ್ತು.

ನಾನು ಮಾಡುವುದು ಇಷ್ಟು. ಆಟೋ ಎಲ್ಲ ಬಂದ್. 16 ಬಿಟ್ ಗ್ರೇಸ್ಕೇಲ್, ಟಿಫ್. ಕಪ್ಪು ಎಷ್ಟು, ಬಿಳಿ ಎಷ್ಟು ಅಂತ ತೋರಿಸುವ ಹಿಸ್ಟೋಗ್ರಾಂ ನಕ್ಷೆಯಲ್ಲಿ ಗುಡ್ಡ ಎಲ್ಲಿ ಶುರುವಾಗುತ್ತದೋ ಅದಕ್ಕಿಂತ ಸ್ವಲ್ಪ ಹೊರಗೆ ಕಪ್ಪು ಬಿಂದು, ಎಲ್ಲಿ ಮುಗಿಯುತ್ತದೋ ಅದಕ್ಕಿಂತ ಹೊರಗೆ ಬಿಳಿ ಬಿಂದು. ಶಾರ್ಪನಿಂಗ್ ಬೇಡ. ಸ್ಕ್ಯಾನ್ ಬರುವಾಗ ಉಪ್ಪಿಲ್ಲದ ಗಂಜಿ ಹಾಗೆ ಸಪ್ಪೆ ಇರುತ್ತದೆ, ಇರಲಿ. ಉಪ್ಪು ಆಮೇಲೆ ಫೋಟೋ ಸಾಫ್ಟ್‌ವೇರಿನ ಕರ್ವ್ಸ್‌ನಲ್ಲಿ ಹಾಕಿಕೊಳ್ಳಬಹುದು.

ಧೂಳು ತೆಗೆಯುವ ಡಿಜಿಟಲ್ ಐಸ್ ಬಟನ್ ಒತ್ತಲೇಬೇಡ. ಅದು ಇನ್‌ಫ್ರಾರೆಡ್ ಬೆಳಕು ಹಾಯಿಸಿ ಧೂಳು ಹುಡುಕುತ್ತದೆ. ಕಪ್ಪು ಬಿಳುಪು ಫಿಲಂನಲ್ಲಿ ಚಿತ್ರವೇ ಬೆಳ್ಳಿ, ಬೆಳ್ಳಿ ಇನ್‌ಫ್ರಾರೆಡ್ ಅನ್ನೂ ತಡೆಯುತ್ತದೆ. ಅದರ ಲೆಕ್ಕದಲ್ಲಿ ನಿನ್ನ ಕುಂದಾದ್ರಿ ಪೂರ್ತಿ ಧೂಳು! ಎಕ್ಸ್‌ಪಿ2 ತರದ, ಕಲರ್ ಕೆಮಿಕಲ್‌ನಲ್ಲಿ ತೊಳೆಯುವ ಕಪ್ಪು ಬಿಳುಪು ಫಿಲಂಗೆ ಮಾತ್ರ ಅದು ಸರಿ.

ಡಬ್ಬದ ಮೇಲೆ 6400 ಡಿಪಿಐ ಅಂತ ಬರೆದಿರುವುದನ್ನು ನಂಬಬೇಡ, ಅಷ್ಟು ವಿವರ ಅದು ಓದುವುದಿಲ್ಲ. 2400ರಲ್ಲಿ ಮಾಡಿದರೆ 6×6 ಸೆಂ.ಮೀ. ನೆಗೆಟಿವ್ ಒಂದು ಬದಿಗೆ 5300 ಪಿಕ್ಸೆಲ್ ಹತ್ತಿರ ಬರುತ್ತದೆ. ಹದಿನೇಳು ಇಂಚಿನ ಪ್ರಿಂಟಿಗೆ ಸಾಕು.

ಮಂಜುಮಾಣಿ

ಅಕ್ಕ, ತುಂಬಾ ಥ್ಯಾಂಕ್ಸ್. ಆದರೆ ನನ್ನ ಹತ್ತಿರ ಸ್ಕ್ಯಾನರ್ ಇಲ್ಲ. ಗೆಳೆಯನ ಮಿರರ್‌ಲೆಸ್ ಕ್ಯಾಮೆರಾ, ಮ್ಯಾಕ್ರೋ ಲೆನ್ಸ್ ಸಿಗುತ್ತದೆ. ಅದರಲ್ಲಿ ಆಗುತ್ತದಾ?

ಗಾಜನೂರು

ಧಾರಾಳವಾಗಿ. ನಾನು ಫ್ಲಾಟ್‌ಬೆಡ್ ಮಾರಿ ಇದಕ್ಕೇ ಬಂದಿದ್ದೇನೆ. ಕೆಳಗೆ ಎಲ್ಇಡಿ ಪ್ಯಾನಲ್, ಅದರ ಮೇಲೆ ಹಾಲುಗಾಜಿನಂಥ ಅಕ್ರಿಲಿಕ್ ಹಾಳೆ, ಅದಕ್ಕಿಂತ ಒಂದೆರಡು ಇಂಚು ಮೇಲೆ ನೆಗೆಟಿವ್. ಟ್ಯಾಬ್ಲೆಟ್ ಪರದೆ ಮೇಲೆ ನೇರ ಇಟ್ಟರೆ ಅದರ ಪಿಕ್ಸೆಲ್ ಚುಕ್ಕೆಗಳೂ ಫೋಟೋದಲ್ಲಿ ಬರುತ್ತವೆ, ಎತ್ತರಿಸು. ನೆಗೆಟಿವ್ ಸುತ್ತ ಬರುವ ಬೆಳಕನ್ನು ಕಪ್ಪು ರಟ್ಟಿನಿಂದ ಮುಚ್ಚು, ಕೋಣೆ ಲೈಟು ಆರಿಸು. ಎಫ್ 8, ಐಎಸ್‌ಒ 100, ರಾ ಫೈಲ್, ಟೈಮರ್.

ಕಷ್ಟ ಒಂದೇ. ಕ್ಯಾಮೆರಾ ಮತ್ತು ನೆಗೆಟಿವ್ ಒಂದಕ್ಕೊಂದು ಸಮನಾಗಿರಬೇಕು. ಇಲ್ಲದಿದ್ದರೆ ನಡುವೆ ಶಾರ್ಪ್, ಮೂಲೆ ಮಂಕು. ಅದಕ್ಕೊಂದು ಉಪಾಯ. ನೆಗೆಟಿವ್ ಇಡುವ ಜಾಗದಲ್ಲಿ ಒಂದು ಪುಟ್ಟ ಕನ್ನಡಿ ಇಡು, ಮುಖ ನೋಡುವ ಕನ್ನಡಿಯೇ ಸಾಕು. ಕ್ಯಾಮೆರಾ ಪರದೆಯಲ್ಲಿ ಲೆನ್ಸಿನ ಪ್ರತಿಬಿಂಬ ಸರಿಯಾಗಿ ನಟ್ಟನಡುವೆ ಬರುವ ತನಕ ಟ್ರೈಪಾಡ್ ತಲೆ ಹೊಂದಿಸು. ಬಂತಾ, ಮುಗಿಯಿತು. ಆಮೇಲೆ ಯಾರೂ ಮುಟ್ಟದ ಹಾಗೆ ನೋಡಿಕೊ. ನಮ್ಮನೆ ಬೆಕ್ಕಿಗೆ ಇದು ಅರ್ಥ ಆಗಿಲ್ಲ.

ಹಿನ್ನೀರು

ಗಾಜನೂರು ಅಣ್ಣ, 35 ಎಂಎಂಗೆ ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ, ಅಲ್ಲಿ ಫ್ಲಾಟ್‌ಬೆಡ್ ಸೋಲುತ್ತದೆ. 120ಕ್ಕೆ ಅಷ್ಟೇನೂ ವ್ಯತ್ಯಾಸ ಇಲ್ಲ. ಇನ್ನೊಂದು, ಮಳೆಗಾಲದಲ್ಲಿ ನೀವು ಮಾಡಿ ನೋಡಿ. ಜುಲೈನಲ್ಲಿ ನಮ್ಮ ಕಡೆ ನೆಗೆಟಿವ್ ತೇವ ಹಿಡಿದು ಗಾಜಿಗೆ ಅಂಟುತ್ತದೆ. ಎಣ್ಣೆ ಬಿದ್ದ ನೀರಿನ ಹಾಗೆ ಉಂಗುರ ಉಂಗುರ.

ಗಾಜನೂರು

ಅಕ್ಕ, ನಾನು ಗಾಜೇ ಇಡುವುದಿಲ್ಲ, ಬರೀ ಚೌಕಟ್ಟು. ಆದ್ದರಿಂದ ಉಂಗುರ ಇಲ್ಲ. ಆದರೆ ಏಪ್ರಿಲ್‌ನಲ್ಲಿ ಫಿಲಂ ಒಣಗಿ ಹಪ್ಪಳದ ಹಾಗೆ ಬಾಗುತ್ತದೆ, ಅದು ನನ್ನ ಗೋಳು. ಭಾರದ ಪುಸ್ತಕದ ಕೆಳಗೆ ಎರಡು ದಿನ ಇಡುತ್ತೇನೆ.

ಮಂಜುಮಾಣಿ

ಎರಡನೇ ರೀಲಿನ ಸುದ್ದಿ. ಈ ಸಲ ಆಗುಂಬೆ ಕಡೆ ಒಂದು ಹಳ್ಳ. ಬಗ್ಗಿ ಫೋಕಸ್ ಮಾಡುವಷ್ಟರಲ್ಲಿ ಎರಡು ಉಂಬಳ ಕಾಲೇರಿದವು, ಟ್ರೈಪಾಡ್ ಕಾಲಿಗೂ ಒಂದು ಹತ್ತಿತ್ತು. ಕಾಡಿನೊಳಗೆ ಬೆಳಕು ತೀರಾ ಕಡಿಮೆ, ಮೀಟರ್ 10 ಸೆಕೆಂಡ್ ಅಂತು, 10 ಕೊಟ್ಟೆ.

ಡೆವಲಪರ್ ತರಿಸಿ ಮನೆಯಲ್ಲೇ ತೊಳೆದೆ. ಕಂಬಳಿ ಹೊದ್ದು ರೀಲನ್ನು ಟ್ಯಾಂಕಿಗೆ ಹಾಕಿದೆ. ಐಡಿ-11, ಒಂದಕ್ಕೊಂದು ನೀರು, 13 ನಿಮಿಷ. ಬಚ್ಚಲಲ್ಲಿ ಧೂಳು ಕಡಿಮೆ ಅಂತ ಓದಿದ್ದರಿಂದ ಅಲ್ಲೇ ದಾರಕ್ಕೆ ಬಟ್ಟೆ ಕ್ಲಿಪ್ಪು ಹಾಕಿ ನೇತುಹಾಕಿದೆ. ಬೆಳಗ್ಗೆ ನೋಡಿದರೆ ಫಿಲಂ ಮೇಲೆಲ್ಲ ಕಪ್ಪು ಪುಡಿ, ನಡುನಡುವೆ ನೂಲು. ಹಳ್ಳದ ನೀರು ರೇಷ್ಮೆ ಹಾಗೆ ಬಂದಿದೆ, ಬಂಡೆ ಸಂದು ಮಾತ್ರ ಪೂರಾ ಖಾಲಿ.

ಕಾಫಿಕಪ್ಪು

ನಿಮ್ಮ ಬಚ್ಚಲಲ್ಲಿ ಹಂಡೆ ಒಲೆ ಇದೆಯಾ?

ಮಂಜುಮಾಣಿ

ಇದೆ. ಅಮ್ಮ ಬೆಳಗ್ಗೆ ಅಡಿಕೆ ಸಿಪ್ಪೆ ಹಾಕಿ ಬೆಂಕಿ ಮಾಡಿದ್ದರು. ಓ.

ಕಾಫಿಕಪ್ಪು

ಪುಸ್ತಕ ಬರೆದವರ ಬಚ್ಚಲಲ್ಲಿ ಗೀಸರ್ ಇರುತ್ತದೆ ಮಾರಾಯ, ನಮ್ಮಲ್ಲಿ ಬೂದಿ. ಖಾಲಿ ಗೋದ್ರೇಜ್ ಬೀರು ಒಳಗೆ ನೇತುಹಾಕು. ನೂಲು ಕಂಬಳಿಯದ್ದು. ಬೆಳಕು ನುಗ್ಗದ ಚೇಂಜಿಂಗ್ ಬ್ಯಾಗ್ ತಗೊ, ಅಥವಾ ಅಮಾವಾಸ್ಯೆ ರಾತ್ರಿ ಉಗ್ರಾಣದ ಬಾಗಿಲು ಹಾಕಿಕೊ.

ಬೂದಿ ಬಿದ್ದ ಫಿಲಂ ಉಜ್ಜಬೇಡ, ಗೀರು ಬೀಳುತ್ತದೆ. ಅರ್ಧ ಗಂಟೆ ನೀರಲ್ಲಿ ನೆನೆಹಾಕು, ಜೆಲಾಟಿನ್ ಉಬ್ಬಿ ಪುಡಿ ಸಡಿಲ ಆಗುತ್ತದೆ. ಕೊನೇ ನೀರಿಗೆ, ಹನಿ ಕಲೆ ಉಳಿಯದ ಹಾಗೆ, ವೆಟ್ಟಿಂಗ್ ಏಜೆಂಟ್ ಒಂದೆರಡು ಹನಿ. ಮತ್ತೆ ಒಣಗಿಸು.

ಹೈಪೋ ಅಜ್ಜ

ಸರಿ ಹೇಳಿದ. ಬಂಡೆ ಸಂದು ಯಾಕೆ ಖಾಲಿ ಅಂತ ನಾನು ಹೇಳುತ್ತೇನೆ. ಬೆಳಕು ಕಡಿಮೆ ಇದ್ದು ಹೊತ್ತು ಜಾಸ್ತಿ ಆದರೆ ಫಿಲಂ ಸೋಮಾರಿ ಆಗುತ್ತದೆ. ಒಂದು ಸೆಕೆಂಡ್ ದಾಟಿದ ಮೇಲೆ ಮೀಟರ್ ಲೆಕ್ಕ ಅದಕ್ಕೆ ಸಾಲುವುದಿಲ್ಲ. ಇಲ್ಫೋರ್ಡ್‌ನವರ ಸೂತ್ರ ಇದೆ, ಮೀಟರ್ ಹೇಳಿದ ಸೆಕೆಂಡನ್ನು 1.31ರ ಘಾತಕ್ಕೆ ಏರಿಸಬೇಕು, ಎಚ್‌ಪಿ5ಗೆ. ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಆಗುತ್ತದೆ. 10 ಸೆಕೆಂಡಿಗೆ 20, 30ಕ್ಕೆ 86. ನೀನು ಒಂದು ಸ್ಟಾಪ್ ಕಡಿಮೆ ಕೊಟ್ಟಿದ್ದೀಯ.

13 ನಿಮಿಷ ಅಂದರೆ 20 ಡಿಗ್ರಿಗೆ. ನಿನ್ನ ನೀರು ಎಷ್ಟಿತ್ತು? ಈಗ ನಿಮ್ಮಲ್ಲಿ ಬೆಳಗ್ಗೆ ತಣ್ಣಗೆ ಇರಬಹುದು. ಏಪ್ರಿಲ್‌ನಲ್ಲಿ ಶಿವಮೊಗ್ಗದ ನಲ್ಲಿ ನೀರು ಹಾಗೇ ಬಳಸಿದರೆ ಫಿಲಂ ಸುಟ್ಟಂತೆ ಆಗುತ್ತದೆ. ಬೇಸಗೆಯಲ್ಲಿ ನಾವು ಮಣ್ಣಿನ ಮಡಕೆ ನೀರು ಬಳಸುತ್ತಿದ್ದೆವು. 24 ಡಿಗ್ರಿಗೆ ಇಳಿದರೆ 9 ನಿಮಿಷದ ಆಸುಪಾಸು ಸಾಕು. ಮಳೆಗಾಲದಲ್ಲಿ ಮಡಕೆ ಆಟ ನಡೆಯುವುದಿಲ್ಲ, ಗಾಳಿಯೇ ಒದ್ದೆ ಇರುವಾಗ ನೀರು ಆವಿಯಾಗಿ ತಣ್ಣಗಾಗುವುದು ಎಲ್ಲಿಂದ.

ಮಂಜುಮಾಣಿ

21 ಇತ್ತು ಅಜ್ಜ, ಥರ್ಮಾಮೀಟರ್ ಹಾಕಿದ್ದೆ.

ಮೆಗಾಪಿಕ್ಸೆಲ್

ಉಂಬಳ, ಬೂದಿ, ಘಾತ ಸೂತ್ರ. ನಾನು ಮೊದಲೇ ಹೇಳಿದೆ. ಆದರೂ ಓದಲು ಮಜಾ ಇದೆ, ಮುಂದುವರಿಸಿ. ಅಂದಹಾಗೆ ಕಾಫಿಯಲ್ಲಿ ಫಿಲಂ ತೊಳೆಯುತ್ತಾರೆ ಅನ್ನುವುದು ನಿಜವಾ, ಸುಮ್ನೆ ಕಥೆಯಾ?

ಕಾಫಿಕಪ್ಪು

ನನ್ನ ಹೆಸರು ನೋಡಿಯೂ ಕೇಳುತ್ತೀರಲ್ಲ! ನಿಜ. 1995ರಲ್ಲಿ ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಒಂದು ತರಗತಿಯಲ್ಲಿ ಹುಟ್ಟಿದ್ದು, ಕೆಫೆನಾಲ್ ಅಂತ ಹೆಸರು. ಒಂದು ಲೀಟರ್ ನೀರಿಗೆ ವಾಷಿಂಗ್ ಸೋಡಾ 54 ಗ್ರಾಂ, ವಿಟಮಿನ್ ಸಿ 16 ಗ್ರಾಂ, ಇನ್‌ಸ್ಟಂಟ್ ಕಾಫಿ ಪುಡಿ 40 ಗ್ರಾಂ. 20 ಡಿಗ್ರಿಗೆ 15 ನಿಮಿಷ. ವಾಷಿಂಗ್ ಸೋಡಾ ನೀರಿನಂಶ ಇಲ್ಲದ ಪುಡಿ ಆಗಿರಬೇಕು, ಹರಳು ಆದರೆ ಲೆಕ್ಕ ತಪ್ಪುತ್ತದೆ. ಅಡುಗೆ ಸೋಡಾ ನಡೆಯುವುದಿಲ್ಲ. ಕೆಲಸ ಮಾಡುವುದು ಕೆಫೀನ್ ಅಲ್ಲ, ಕಾಫಿಯಲ್ಲಿರುವ ಆಮ್ಲಗಳು.

ತಮಾಷೆ ಏನೆಂದರೆ, ನಮ್ಮ ತೋಟದ ಒಳ್ಳೇ ಅರೇಬಿಕಾ ಇದಕ್ಕೆ ದಂಡ. ಅಗ್ಗದ ರೊಬಸ್ಟಾ ಇನ್‌ಸ್ಟಂಟೇ ಬೇಕು. ಅಪ್ಪನಿಗೆ ಇದು ಹೇಳಿದಾಗ ಬೇಜಾರು ಮಾಡಿಕೊಂಡರು. ವಾಸನೆ ಬಗ್ಗೆ ಕೇಳಬೇಡಿ, ಒಂದು ವಾರ ಮನೆಯಲ್ಲಿ ಯಾರೂ ಕಾಫಿ ಕೇಳಲಿಲ್ಲ. ಆಮೇಲೆ ಚಿತ್ರ ಖಾಯಂ ಮಾಡುವ ಹೈಪೋ ಮಾತ್ರ ಮಾಮೂಲಿನದೇ ಬೇಕು, ಅದಕ್ಕೆ ಅಡುಗೆಮನೆಯಲ್ಲಿ ಒಳ್ಳೇ ಬದಲಿ ಇಲ್ಲ.

ಹಿನ್ನೀರು

ಮಾಣಿ, ಮೇ ತಿಂಗಳಲ್ಲಿ ಈ ಕಡೆ ಬಾ. ಲಿಂಗನಮಕ್ಕಿ ನೀರು ಇಳಿದಾಗ 1964ರಲ್ಲಿ ಮುಳುಗಿದ ಕಾಡಿನ ಬೊಡ್ಡೆಗಳು ಎದ್ದು ನಿಲ್ಲುತ್ತವೆ. ನೀರು ಇನ್ನೂ ಇಳಿದ ವರ್ಷ ಹಳೇ ಹಿರೇಭಾಸ್ಕರ ಅಣೆಕಟ್ಟೂ ಕಾಣುತ್ತದೆ. ಬಣ್ಣದಲ್ಲಿ ತೆಗೆದರೆ ಬರೀ ಕೆಂಪು ಕೆಸರು. ಕಪ್ಪು ಬಿಳುಪಿನಲ್ಲಿ ಒಡೆದ ಮಣ್ಣಿನ ಒಂದೊಂದು ಹೆಂಟೆಯ ಅಂಚೂ ಬೇರೆ ಬೇರೆ. ಅಲ್ಲಿಗೆ ಎಫ್‌ಪಿ4 ಫಿಲಂ ತಾ, ಬಿಸಿಲಿಗೆ ಐಎಸ್‌ಒ 125 ಸಾಕು. ಬೆಳಗ್ಗೆ ಎಂಟರೊಳಗೆ ಮುಗಿಸಬೇಕು, ಆಮೇಲೆ ನೆರಳೂ ಇಲ್ಲ, ಜೀವವೂ ಉಳಿಯುವುದಿಲ್ಲ.

ಮಂಜುಮಾಣಿ

ಖಂಡಿತ ಬರುತ್ತೇನೆ ಅಕ್ಕ.

ನಿನ್ನೆ ರಾತ್ರಿ ಕುಂದಾದ್ರಿ ರೀಲನ್ನು ಗಾಜನೂರು ಅಣ್ಣ ಹೇಳಿದ ಹಾಗೆ ಕ್ಯಾಮೆರಾದಲ್ಲಿ ತೆಗೆದೆ. ಕನ್ನಡಿ ಹೊಂದಿಸಲು ಮುಕ್ಕಾಲು ಗಂಟೆ ಬೇಕಾಯಿತು. ನೆಗೆಟಿವ್ ದಪ್ಪ ಇದ್ದದ್ದರಿಂದ ಎರಡು ಸೆಕೆಂಡ್ ಬೆಳಕು ಕೊಟ್ಟೆ. ಉಲ್ಟಾ ಮಾಡಿ, ಕರ್ವ್ಸ್‌ನಲ್ಲಿ ಮಂಜನ್ನು ಪೂರ್ತಿ ಬಿಳಿಗೆ ಹೋಗಲು ಬಿಡದೆ ಸ್ವಲ್ಪ ಕೆಳಗೇ ನಿಲ್ಲಿಸಿದೆ.

ಏಳನೇ ಫ್ರೇಮ್ ಹಾಕಿದ್ದೇನೆ, ನೋಡಿ. ಲ್ಯಾಬ್ ಸ್ಕ್ಯಾನ್‌ನಲ್ಲಿ ಮಂಜು ಒಂದೇ ಗೋಡೆ ಆಗಿತ್ತು. ಇದರಲ್ಲಿ ಅದು ಪದರ ಪದರ ಇದೆ. ಹಿಂದಿನ ಪದರದಲ್ಲಿ ಯಾರದ್ದೋ ಅಡಿಕೆ ತೋಟದ ತಲೆಗಳು, ಕಡ್ಡಿ ಗೀರಿದ ಹಾಗೆ, ಬರೀ ತುದಿ. ಅವು ಇದ್ದವು ಅಂತಲೇ ನನಗೆ ಗೊತ್ತಿರಲಿಲ್ಲ.

ಬಲಗಡೆ ಮೇಲೆ ಒಂದು ಕಪ್ಪು ಚುಕ್ಕೆ ಇದೆ. ಧೂಳು ಇರಬೇಕು, ಕ್ಲೋನ್ ಮಾಡಿ ಅಳಿಸುತ್ತೇನೆ.

ಗಾಜನೂರು

ಭಲೇ! ಆ ತೋಟದ ಸಾಲು ಒಂದೇ ಸಾಕು.

ಹೈಪೋ ಅಜ್ಜ

ತಡಿ, ಅಳಿಸಬೇಡ. ಸ್ಕ್ಯಾನ್ ಮಾಡುವಾಗ ನೆಗೆಟಿವ್ ಮೇಲೆ ಕೂತ ಧೂಳು ಬೆಳಕು ತಡೆಯುತ್ತದೆ, ಉಲ್ಟಾ ಮಾಡಿದ ಮೇಲೆ ಬೆಳ್ಳಗೆ ಕಾಣುತ್ತದೆ. ಕಪ್ಪು ಚುಕ್ಕೆ ಅಂದರೆ ಆ ಜಾಗದಲ್ಲಿ ನೆಗೆಟಿವ್ ಖಾಲಿ. ಒಂದೋ ತೆಗೆಯುವಾಗಲೇ ಫಿಲಂ ಮೇಲೆ ಏನೋ ಕೂತಿತ್ತು, ಇಲ್ಲವೋ ನಿಜವಾಗಿ ಅಲ್ಲಿ ಏನೋ ಇತ್ತು. ಭೂತಗನ್ನಡಿ ಹಿಡಿದು ನೋಡು. ಎಂಟನೇ ಫ್ರೇಮೂ ನೋಡು.

ಮಂಜುಮಾಣಿ

ನೋಡಿದೆ. ಎಂಟರಲ್ಲೂ ಇದೆ, ಸ್ವಲ್ಪ ಎಡಕ್ಕೆ ಬಂದು ಕೆಳಗಿಳಿದಿದೆ. ಏಳರಲ್ಲಿ ರೆಕ್ಕೆ ಬಿಚ್ಚಿದೆ ಅಜ್ಜ.